ಹಚ್ಚೆ ಕಾಣುವ ಪರದೆ

ನನ್ನ ಲ್ಯಾಪ್‌ಟಾಪನ್ನು ಗುಜರಿಗೆ ಹಾಕು ಎಂದು ಹೇಳದವರು ನಮ್ಮ ಬಡಾವಣೆ ಕೆಸರೆಯಲ್ಲಿ ಯಾರೂ ಉಳಿದಿಲ್ಲ. ನನ್ನ ಗಂಡ ಬೀರೇಶ್ ಹೇಳಿದ್ದಾನೆ, ನನಗೆ ಕೆಲಸ ಕೊಡುವ ಸ್ಟುಡಿಯೊ ರಾಜೇಶ್ ಹೇಳಿದ್ದಾನೆ. ಕೇಬಲ್ ದುಡ್ಡು ವಸೂಲಿಗೆ ಬರುವವನೂ ಒಂದು ದಿನ ಬಾಗಿಲಲ್ಲಿ ನಿಂತು ಅದರ ಫ್ಯಾನಿನ ಸದ್ದು ಕೇಳಿ, "ಏನಕ್ಕಾ, ಒಳಗೆ ಹಿಟ್ಟಿನ ಗಿರಣಿ ಇಟ್ಕೊಂಡಿದ್ದೀರಾ" ಎಂದು ಕೇಳಿ ಹೋದ. ಕೇಳಲಿ. ಹತ್ತು ವರ್ಷದಿಂದ ನನ್ನ ಅನ್ನ ಅದರಲ್ಲೇ ಬೇಯುತ್ತಿದೆ. ಅದರೊಳಗಿರುವ ಫೋಟೊ ತಿದ್ದುವ ಸಾಫ್ಟ್‌ವೇರ್ ನಾನು ಒಂದೇ ಸಲ ಕೊಂಡದ್ದು, ನನ್ನದು. ಈಗ ಬರುವ ಹೊಸದನ್ನು ಕೊಳ್ಳುವ ಹಾಗಿಲ್ಲ, ತಿಂಗಳು ತಿಂಗಳೂ ಬಾಡಿಗೆ ಕಟ್ಟುತ್ತಿರಬೇಕು. ಇರುವ ಮನೆಗೂ ಬಾಡಿಗೆ, ದುಡಿಯುವ ಕುಂಚಕ್ಕೂ ಬಾಡಿಗೆ ಎಂದರೆ ನಾನು ಒಪ್ಪುವವಳಲ್ಲ. ನನ್ನ ಹಳೆಯದು ಹೊಸ ಲ್ಯಾಪ್‌ಟಾಪಿನಲ್ಲಿ ಕೂರುವುದಿಲ್ಲ ಎಂದು ಕಂಪ್ಯೂಟರ್ ರಿಪೇರಿಯವರು ಹೇಳಿದ್ದಾರೆ. ಹಾಗಿದ್ದಮೇಲೆ ಹಳೆಯ ಲ್ಯಾಪ್‌ಟಾಪ್ ಇರುತ್ತದೆ, ಮಾತು ಮುಗಿಯಿತು.

ಮನೆಯಲ್ಲೇ ಕುಳಿತು ಸ್ಟುಡಿಯೊದವರು ಕಳಿಸುವ ಫೋಟೊ ತಿದ್ದುವುದು ನನ್ನ ಕೆಲಸ. ಮದುವೆ, ನಾಮಕರಣದ ಆಲ್ಬಂ ಮಾಡುತ್ತೇನೆ, ಅದಕ್ಕಿಂತ ಹೆಚ್ಚಾಗಿ ಸತ್ತವರ ಫೋಟೊ ಮಾಡುತ್ತೇನೆ. ಮನೆಯ ಹಿರಿಯರದ್ದು ಒಂದಾದರೂ ನೆಟ್ಟಗಿನ ಫೋಟೊ ಇಲ್ಲ ಎನ್ನುವುದು ನಮ್ಮ ಜನಕ್ಕೆ ಅವರನ್ನು ಮಣ್ಣು ಮಾಡಿ ಬಂದ ಮೇಲೆಯೇ ಹೊಳೆಯುವುದು. ಹನ್ನೊಂದನೆಯ ದಿನದ ತಿಥಿಗೆ ಎಡೆ ಇಡಬೇಕು, ಎಡೆಯ ಮುಂದೆ ಒಂದು ಮುಖ ಬೇಕು. ಆಗ ಆಧಾರ್ ಕಾರ್ಡು, ಮದುವೆಮನೆಯ ಗುಂಪು ಫೋಟೊ, ಕೈಗೆ ಸಿಕ್ಕಿದ್ದನ್ನು ಹಿಡಿದು ಓಡಿಬರುತ್ತಾರೆ. ನಾನು ಅದರಿಂದ ಮುಖ ಎತ್ತಿ, ಹರಿದದ್ದನ್ನು ಕೂಡಿಸಿ, ಗೋಡೆಗೆ ಏರಿಸುವ ಹಾಗೆ ಮಾಡಿಕೊಡುತ್ತೇನೆ. ಎಲ್ಲರೂ ಕೊನೆಗೆ ಹೇಳುವುದು ಒಂದೇ ಮಾತು: ಸ್ವಲ್ಪ ಬೆಳ್ಳಗೆ ಮಾಡಿ. ಬದುಕಿದ್ದಾಗ ಬಿಸಿಲಲ್ಲಿ ಕಳೆ ಕಿತ್ತು ಕಪ್ಪಾದವರು ಸತ್ತ ಮೇಲೆ ಅದು ಹೇಗೆ ಬೆಳ್ಳಗಾಗುತ್ತಾರೋ ನನಗೆ ಗೊತ್ತಿಲ್ಲ.

ಹೋದ ತಿಂಗಳು ರಾಜೇಶ್ ಒಂದು ಫೋಟೊ ಕಳಿಸಿ, "ದೊಡ್ಡ ಸೈಜಿಗೆ ಬೇಕು, ಇನ್ನೊಂದು ಚೂರು ಬ್ರೈಟ್ ಮಾಡಿ" ಎಂದು ಬರೆದಿದ್ದ. ತೆರೆದು ನೋಡಿದೆ. ದೇವಿರಮ್ಮ ದೊಡ್ಡತ್ತೆ. ನನ್ನ ಅತ್ತೆ ಚೆಲುವಮ್ಮನವರ ಒಡಹುಟ್ಟಿದ ಅಕ್ಕ. ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಮಗ ಸಿದ್ದರಾಜು ಭಾವ ಸೈಟು, ಲೇಔಟು ಎಂದು ಬೆಳೆದು, ಈಗ ದೊಡ್ಡ ಮನುಷ್ಯರಿರುವ ಕೃಷ್ಣಮೂರ್ತಿಪುರಂನಲ್ಲಿ ಮನೆ ಮಾಡಿದ್ದಾರೆ. ಹನ್ನೊಂದರ ತಿಥಿಯ ಹೊತ್ತಿಗೆ ಅವರೇ ಫೋನಿನ ಯಾವುದೋ ಆ್ಯಪಿನಲ್ಲಿ ಈ ಫೋಟೊ ಮಾಡಿಕೊಂಡಿದ್ದರು. ಅದನ್ನೇ ಹಿಗ್ಗಿಸಿ ವರ್ಷದ ತಿಥಿಗೆ ಹೊಸ ಮನೆಯ ಹಾಲಿನಲ್ಲಿ ಹಾಕಬೇಕಂತೆ.

ಅತ್ತೆ ಅವರೆಕಾಯಿ ಸುಲಿಯುತ್ತ ಪಕ್ಕದಲ್ಲೇ ಕುಳಿತಿದ್ದರು. ಕತ್ತು ಉದ್ದ ಮಾಡಿ ನೋಡಿದರು.

"ಯಾರ್ ಕಣೆ ಇವ್ಳು?"

"ದೊಡ್ಡತ್ತೆ ಅಲ್ವಾ ಅತ್ತೆ. ವರ್ಷದ ತಿಥಿಗೆ ಅಂತ ಕಳ್ಸವ್ರೆ."

"ನಮ್ ದೇವಿರಿನಾ? ಎಲ್ಲೈತೆ ಅವಳ ಹಚ್ಚೆ?"

ನಾನು ಆಗಲೇ ಸರಿಯಾಗಿ ನೋಡಿದ್ದು. ಹಣೆ ನುಣ್ಣಗೆ ಬೋಳಾಗಿತ್ತು. ಹುಬ್ಬಿನ ನಡುವಿನ ಹಸಿರು ಚಂದ್ರ ಇರಲಿಲ್ಲ, ಕಣ್ಣಿನ ಕೊನೆಯ ಚುಕ್ಕೆಗಳು ಇರಲಿಲ್ಲ, ಗಲ್ಲದ ಮೇಲಿನದೂ ಇರಲಿಲ್ಲ. ಆ್ಯಪಿಗೆ ಅದು ಹಚ್ಚೆ ಎಂದು ಯಾರು ಹೇಳಬೇಕು? ಕಲೆ ಎಂದು ಒರೆಸಿ ಹಾಕಿದೆ. ಒರೆಸಿದ ಮೇಲೆ ಮೈಬಣ್ಣ ತೊಳೆದಿದೆ, ಕೆನ್ನೆ ಉಬ್ಬಿಸಿದೆ. ಸೀರಿಯಲ್ಲಿನ ಶ್ರೀಮಂತ ಅತ್ತೆಯೊಬ್ಬಳು ನನ್ನ ಪರದೆಯ ಮೇಲೆ ಕುಳಿತಿದ್ದಳು.

"ಅವತ್ತು ತಿಥಿಲೂ ಇದ್ನೇ ಮಡ್ಗಿದ್ದ," ಎಂದರು ಅತ್ತೆ. "ನಾನು ಹೂವ ಹಾಕ್ನಿಲ್ಲ. ದುಃಖುಕ್ಕೆ ಮುದ್ಕಿಗೆ ಕೈ ಬರ್ನಿಲ್ಲ ಅಂದ್ಕಂಡ್ರು ಎಲ್ಲಾರೂವೆ. ದುಃಖ ಅಲ್ಲ ಕಣೆ. ಗುರುತಿಲ್ದೋಳ್ಗೆ ಯಾಕ್ ಹಾಕ್ಲಿ?" ಸುಲಿದ ಕಾಳನ್ನು ಬಟ್ಟಲಿಗೆ ಎಸೆದರು. "ಒಡವೆ ಮಕ್ಳು ಕಿತ್ಕತಾರೆ. ಸೀರೆ ಮಣ್ಣಾಯ್ತದೆ. ಹೆಣ್ಣಿನ ಜೊತೇಲಿ ಕೊನೇಗಂಟ ಬರದು ಹಚ್ಚೆ ಒಂದೇಯ. ಅದ್ನೂ ಕಿತ್ಕಂಡ್ನಲ್ಲ ಇವ್ನು."

ನಮ್ಮ ಅತ್ತೆ ಅಳುವವರ ಪೈಕಿ ಅಲ್ಲ. ಅವತ್ತೂ ಅಳಲಿಲ್ಲ. ಆದರೆ ಅವರೆಕಾಯಿಯನ್ನು ಅಲ್ಲೇ ಬಿಟ್ಟು ಎದ್ದು ಹೋಗಿ ಹಿತ್ತಲಲ್ಲಿ ನಿಂತರು. ನಾನು ರಾಜೇಶನಿಗೆ ಫೋನ್ ಮಾಡಿದೆ. ಇದು ನಮ್ಮ ಮನೆಯವರದ್ದೇ ಫೋಟೊ, ಮುಖವೇ ಅಳಿಸಿ ಹೋಗಿದೆ, ಹಳೆಯ ಒಂದು ಫೋಟೊ ಹುಡುಕಿ ಹೊಸದಾಗಿ ಮಾಡಿಕೊಡುತ್ತೇನೆ ಎಂದೆ.

"ಮೇಡಂ, ಕಸ್ಟಮರ್ ಕೇಳಿದ್ದನ್ನ ಕೊಡೋದು ನಮ್ ಕೆಲ್ಸ," ಎಂದ. "ಆ ಹಸ್ರು ಮಾರ್ಕೆಲ್ಲ ಬೇಡ ಅಂತ ಅವರೇ ಹೇಳವ್ರೆ. ನಿಮ್ಗಾಗಲ್ಲ ಅಂದ್ರೆ ಬುಡಿ, ನಾನೇ ಫೋನಲ್ಲಿ ಹಿಗ್ಗಿಸ್ಕೊತೀನಿ. ಹೇಳಿದ್ ಕೆಲ್ಸಕ್ಕೆ ಹಿಂಗೆ ತಕರಾರು ಮಾಡಿದ್ರೆ ಬೇರೆ ಕೆಲ್ಸಾನೂ ಕಳ್ಸೋದು ಕಷ್ಟ ಆಯ್ತದೆ."

"ಕಳ್ಸಬೇಡಿ," ಎಂದೆ.

ಬಾಯಿಂದ ಬಂದುಬಿಟ್ಟಿತು. ಬಂದದ್ದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ. ಹೆದರಿಕೆ ಇತ್ತು, ಅದು ಬೇರೆ ಮಾತು.

ಅತ್ತೆಯ ಟ್ರಂಕಿನ ತಳದಲ್ಲಿ ಅಕ್ಕತಂಗಿಯರಿಬ್ಬರ ಫೋಟೊ ಇತ್ತು. ಎಂದೋ ದಸರಾ ವಸ್ತುಪ್ರದರ್ಶನಕ್ಕೆ ಬಂದಾಗ ಅಲ್ಲಿನ ಸ್ಟುಡಿಯೊದಲ್ಲಿ ತೆಗೆಸಿಕೊಂಡದ್ದು. ದೊಡ್ಡತ್ತೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಕ್ಯಾಮೆರಾದವನನ್ನು ಗದರಿಸುವ ಹಾಗೆ ನೋಡುತ್ತಿದ್ದಾರೆ. ಅವರದೇ ನೋಟ ಅದು. ಒಂದೇ ತೊಂದರೆ ಎಂದರೆ ಟ್ರಂಕಿನ ತೇವಕ್ಕೆ ಫೋಟೊಗೆ ಬೂಷ್ಟು ಹಿಡಿದಿತ್ತು. ಅದೂ ಸರಿಯಾಗಿ ಹಣೆಯ ಮೇಲೆ, ಸಣ್ಣ ಸಣ್ಣ ಹಸಿರುಗಪ್ಪು ಚುಕ್ಕೆ. ಯಾವುದು ಬೂಷ್ಟು, ಯಾವುದು ಹಚ್ಚೆ ಎಂದು ಬಿಡಿಸಿದರೆ ಮಾತ್ರ ದೊಡ್ಡತ್ತೆ ಹೊರಗೆ ಬರುತ್ತಿದ್ದರು.

ನಿಮ್ಮ ಹಣೆ ನೋಡಿ ಬರೆದುಬಿಡಲೇ ಅತ್ತೆ ಎಂದು ಕೇಳಿದೆ. ಇಬ್ಬರಿಗೂ ಒಂದೇ ದಿನ ಒಬ್ಬಳೇ ಹಚ್ಚೆ ಹಾಕಿದ್ದು ಎಂದು ಗೊತ್ತಿತ್ತು.

"ನಂದು ಅರ್ಧಂಬರ್ಧ ಕಣೆ," ಎಂದರು. "ಸೂಜಿ ಚುಚ್ತಿದ್ದಂಗೆ ನಾನು ಕಿರ್ಚ್ಕಂಡು ಹುಲ್ಲಿನ ಮೆದೆ ಹಿಂದಕ್ಕೆ ಓಡೋಗ್ಬುಟ್ಟೆ. ದೇವಿರಿ ಅಳ್ಳಾಡ್ದಂಗೆ ಕುಂತಿದ್ಲು. ಪೂರ್ತಿ ಇದ್ದುದ್ದು ಅವಳ ಹಣೇಲಿ ಮಾತ್ರವೇಯ."

ಫೋಟೊವನ್ನು ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿಗೆ ಹಾಕಿ, ದೊಡ್ಡತ್ತೆಯೊಬ್ಬರನ್ನೇ ಕತ್ತರಿಸಿಕೊಂಡೆ. ಆಗ ನನ್ನ ಹಳೆಯ ಗೆಳೆಯ ಕೈಕೊಟ್ಟ. ಅವನನ್ನು ಬೈದವರಿಗೆಲ್ಲ ತಿರುಗಿ ಬೈದಿದ್ದೇನೆ, ಆದರೆ ಇದೊಂದನ್ನು ಒಪ್ಪಿಕೊಳ್ಳಬೇಕು: ಅವನ ಪರದೆ ಸಣ್ಣದು, ಕುರುಡು. ಮೇಲಿಂದ ನೋಡಿದರೆ ಎಲ್ಲರೂ ಬಿಳುಪು, ಕೆಳಗಿಂದ ನೋಡಿದರೆ ಎಲ್ಲರೂ ಕಪ್ಪು. ಚುಕ್ಕೆ ನೋಡಲು ಹಿಗ್ಗಿಸಿದರೆ ಮುಖ ಹೋಗುತ್ತಿತ್ತು, ಮುಖ ನೋಡಲು ಕುಗ್ಗಿಸಿದರೆ ಚುಕ್ಕೆ ಹೋಗುತ್ತಿತ್ತು. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಗ್ಗಿಸಿ ತೋರಿಸಿದೆ. "ಇದೇನೇ ರಾಗಿ ಚೆಲ್ದಂಗೈತೆ, ಇದ್ರಾಗೆ ಅಕ್ಕ ಎಲ್ಲವ್ಳೆ" ಎಂದರು. ಕುಗ್ಗಿಸಿ ತೋರಿಸಿದೆ. "ಈಗ ಅಕ್ಕ ಬಂದ್ಲು, ಹಣೆ ಮೇಲೆ ಮಸಿ ಬಳ್ದವ್ರೆ" ಎಂದರು. ಮುಖದಲ್ಲಿ ಯಾವ ಜಾಗಕ್ಕೆ ಯಾವ ಚುಕ್ಕೆ ಎಂದು ಹೇಳಬೇಕಾದರೆ ಅವರಿಗೆ ಎರಡೂ ಒಟ್ಟಿಗೆ ಕಾಣಬೇಕಾಗಿತ್ತು.

ಲ್ಯಾಪ್‌ಟಾಪಿಗೆ ಹೊರಗಿನಿಂದ ಒಂದು ಒಳ್ಳೆಯ ಪರದೆ ಹಾಕಬೇಕು ಎಂದು ಆಗಲೇ ನಿರ್ಧಾರ ಮಾಡಿದೆ. ಬೀರೇಶ್ ಹೆಬ್ಬಾಳದ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದವನು, ನಾನು ಹೇಳಿದ್ದು ಕೇಳಿ ಚಪ್ಪಲಿ ಬಿಡುವುದಕ್ಕೂ ಮೊದಲೇ ನಗಲು ಶುರು ಮಾಡಿದ.

"ಇದ್ದ ಕೆಲ್ಸ ಬುಟ್ಟು ಕುಂತಿದ್ದೀಯ, ಈಗ ಪರದೆ ಬೇಕಂತೆ. ಹೊಟ್ಟೆಗೆ ಹಿಟ್ಟಿಲ್ದೆ ಇದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗೆ."

"ಜುಟ್ಟು ನಂದು, ಹೂವ ನಾನೇ ತರ್ತೀನಿ."

"ಅಲ್ಲ ಕಣೇ, ಗೋಡೆ ತುಂಬ ಟಿವಿ ಐತಲ್ಲ. ಅದಕ್ಕೇ ಸಿಗ್ಸು."

ಇದು ಅವನೊಬ್ಬನ ಮಾತಲ್ಲ. ಪರದೆ ಎಂದ ತಕ್ಷಣ ಊರಿನ ಗಂಡಸರೆಲ್ಲ ಟಿವಿ ತೋರಿಸುತ್ತಾರೆ. ಆಯಿತು, ಸಿಗಿಸೋಣ ಎಂದು ಸಿಗಿಸಿದೆವು. ದೊಡ್ಡತ್ತೆಯ ಮುಖ ಗೋಡೆ ತುಂಬ ಬಂತು. ಕಿತ್ತಳೆ ಬಣ್ಣಕ್ಕೆ ತಿರುಗಿ, ಅಂಚಿಗೆಲ್ಲ ಬಿಳಿ ಗೆರೆ ಹೊಡೆದುಕೊಂಡು ಬಂತು. ಟಿವಿಗಳಿಗೆ ಒಂದು ಚಟ ಇದೆ, ಎದುರಿಗೆ ಬಂದ ಮುಖವನ್ನೆಲ್ಲ ತಾವೇ ಚಂದ ಮಾಡಲು ಹೋಗುತ್ತವೆ. ಸಣ್ಣ ಚುಕ್ಕೆಯನ್ನು ಕೊಳೆ ಎಂದುಕೊಂಡು ಕರಗಿಸಿಬಿಡುತ್ತವೆ. ಆ ಚಟ ಬಿಡಿಸಲು ರಿಮೋಟು ಹಿಡಿದು ಬೀರೇಶ್ ಒದ್ದಾಡಿದ. ಬಣ್ಣ ಸ್ವಲ್ಪ ದಾರಿಗೆ ಬಂತು, ಹಚ್ಚೆ ಬರಲಿಲ್ಲ.

"ಸಿದ್ದರಾಜಂದು ಸಣ್ಣ ಫೋನು, ನಿಂದು ದೊಡ್ಡ ಫೋನು," ಎಂದರು ಅತ್ತೆ ಮಗನಿಗೆ. "ಇಬ್ರದೂ ಒಂದೇ ಬುದ್ಧಿ."

ಮಾರನೆಯ ದಿನ ಲ್ಯಾಪ್‌ಟಾಪನ್ನು ಬ್ಯಾಗಿಗೆ ತುಂಬಿಕೊಂಡು ಹೊರಟೆ. ಅತ್ತೆಯೂ ಹೊರಟರು. ನೀವ್ಯಾಕೆ, ಬಸ್ಸಿನಲ್ಲಿ ನೂಕುನುಗ್ಗಲು ಎಂದೆ. "ಅಕ್ಕುನ್ ಮೊಕ ನೀನು ನೋಡಿದ್ದು ಮದ್ವೆ ಆಗಿ ಬಂದ್ಮೇಲೆ. ನಾನು ಹುಟ್ದಾಗ್ಲಿಂದ ನೋಡಿವ್ನಿ. ಪರದೆ ಸರೀಗೈತಾ ಇಲ್ವಾ ನೀನ್ ಎಂಗ್ ಹೇಳೀಯೆ?" ಎಂದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇಬ್ಬರದೂ ಒಂದೇ ಕಾಲ, ಅದೇ ಬೀರೇಶನ ಕಷ್ಟ.

ದೇವರಾಜ ಅರಸು ರಸ್ತೆಯ ಆ ಅಂಗಡಿಯಲ್ಲಿ ಮಾನಿಟರುಗಳು ಸಾಲಾಗಿ ನಿಂತಿದ್ದವು. ಎಲ್ಲದರಲ್ಲೂ ಒಂದೇ ಜಲಪಾತ, ಒಂದೇ ಪಂಚರಂಗಿ ಗಿಣಿ. ಮೊದಲು ಬಂದ ಗಂಡಸು ನನ್ನ ಲ್ಯಾಪ್‌ಟಾಪನ್ನು ನೋಡಿ, "ಇದಕ್ಕೆ ಮಾನಿಟರಾ ಮೇಡಂ? ಹೊಸ ಲ್ಯಾಪ್‌ಟಾಪೇ ತಗೊಂಬಿಡಿ" ಎಂದ. ನಾನು ಬೇರೆ ಯಾರಾದರೂ ಇದ್ದಾರಾ ಎಂದು ಕೇಳಿದೆ. ಆಗ ಧನುಶ್ರೀ ಎಂಬ ಹುಡುಗಿ ಬಂದಳು. ಕುತ್ತಿಗೆಗೆ ಹೆಸರಿನ ಪಟ್ಟಿ ನೇತುಹಾಕಿಕೊಂಡಿದ್ದಳು. ನಗದೆ, ಅವಸರ ಮಾಡದೆ, ಲ್ಯಾಪ್‌ಟಾಪನ್ನು ತಿರುಗಿಸಿ ಅದರ ಬದಿಯಲ್ಲಿ ಕೇಬಲ್ ಸಿಗಿಸುವ ತೂತುಗಳನ್ನು ನೋಡಿದಳು.

"ಏನು ಕೆಲ್ಸಕ್ಕೆ ಮೇಡಂ?"

"ಇವರ ಅಕ್ಕನ ಹಣೆ ಮೇಲಿನ ಹಚ್ಚೆ ಕಾಣಬೇಕು," ಎಂದೆ. "ಹಣೆ ಹಿಗ್ಗಿಸದೆ ಕಾಣಬೇಕು."

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಧನುಶ್ರೀ ತಲೆಯಾಡಿಸಿ, ಗಿಣಿಯನ್ನು ಕಿತ್ತು ಹಾಕಿ ನಮ್ಮ ಕೇಬಲ್ ಸಿಗಿಸಿದಳು.

ಮೊದಲು ತೋರಿಸಿದ್ದು ಅಲ್ಲಿದ್ದವುಗಳಲ್ಲೇ ದೊಡ್ಡದು, ಎರಡು ಕಡೆಯೂ ಒಳಕ್ಕೆ ಬಾಗಿದ್ದು. "ಇದೇನವ್ವ, ಬಿಸ್ಲಲ್ಲಿ ಸೊಟ್ಗಾಗೋಗೈತಾ" ಎಂದು ಅತ್ತೆ ಕೇಳಿದರು. ಕಂಪ್ಯೂಟರಿನಲ್ಲಿ ಆಟ ಆಡುವವರಿಗೆ ಮಾಡಿದ್ದು ಅಜ್ಜಿ, ಎಂದಳು ಹುಡುಗಿ. ಅದರಲ್ಲಿ ದೊಡ್ಡತ್ತೆ ದೊಡ್ಡದಾಗಿ ಕಂಡರು, ಮಸುಕೂ ದೊಡ್ಡದಾಗಿ ಕಂಡಿತು. ಅಳತೆ ದೊಡ್ಡದಾದರೂ ಅದರಲ್ಲಿ ಚಿತ್ರ ಮೂಡಿಸುವ ಚುಕ್ಕೆಗಳ ಲೆಕ್ಕ ಸಣ್ಣ ಮಾನಿಟರಿನಷ್ಟೇ, ಇದ್ದ ಚುಕ್ಕೆಯನ್ನೇ ಹಿಂಜಿ ಹಾಸಿದ್ದಾರೆ ಎಂದು ಅವಳೇ ಹೇಳಿದಳು. ಅದನ್ನು ಬಿಟ್ಟೆವು.

ಎರಡನೆಯದು ಅದಕ್ಕಿಂತ ಸಣ್ಣದು, ಚೊಕ್ಕವಾಗಿತ್ತು. ಬಣ್ಣ ಸರಿಯಾಗಿತ್ತು. ಎದ್ದು ನಿಂತು ನೋಡಿದರೂ ಬಗ್ಗಿ ನೋಡಿದರೂ ದೊಡ್ಡತ್ತೆ ಒಂದೇ ಬಣ್ಣದಲ್ಲಿದ್ದರು, ಅವರದೇ ಎಣ್ಣೆಗಪ್ಪು. "ನಿಮ್ಮ ಲ್ಯಾಪ್‌ಟಾಪಿಗೆ ಇದು ಹೊಂದುತ್ತೆ ಮೇಡಂ," ಎಂದಳು. "ಆರಾಮಾಗಿ ಓಡುತ್ತೆ. ಅಕ್ಷರ, ಮೆನು ಎಲ್ಲ ಓದೋ ಸೈಜಲ್ಲಿ ಬರುತ್ತೆ." ನಿಜವಾಗಿಯೂ ಚೆನ್ನಾಗಿತ್ತು. ನಾನು ಇದೇ ಸಾಕು ಎನ್ನುವುದರಲ್ಲಿದ್ದೆ. ಅತ್ತೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಚಂದ್ರ ಐತೆ. ಚಂದ್ರನ ಒಳ್ಗಿಂದು ಕಾಣಕಿಲ್ಲ," ಎಂದರು.

"ಇನ್ನೊಂದಿದೆ," ಎಂದಳು ಧನುಶ್ರೀ. "ಅಷ್ಟೇ ಅಳತೆ, ಚುಕ್ಕೆ ಇದರ ಎರಡರಷ್ಟಕ್ಕಿಂತ ಜಾಸ್ತಿ. ಫೋರ್‌ಕೆ. ಆದರೆ ಮೊದಲೇ ಹೇಳಿಬಿಡ್ತೀನಿ. ನಿಮ್ಮ ಲ್ಯಾಪ್‌ಟಾಪಿನ ತೂತು ಹಳೇ ಕಾಲದ್ದು. ಇದಕ್ಕೆ ಅದು ಸೆಕೆಂಡಿಗೆ ಮೂವತ್ತು ಸಲ ಮಾತ್ರ ಚಿತ್ರ ಕಳ್ಸುತ್ತೆ. ಬೇರೆಯವರದ್ದು ಅರವತ್ತು ಸಲ ಕಳ್ಸುತ್ತೆ. ಮೌಸು ಎಳೆದಂಗಾಗುತ್ತೆ, ವಿಡಿಯೊ ತಡವರಿಸುತ್ತೆ. ನಿಮ್ಮದು ಹಳೇ ಸಾಫ್ಟ್‌ವೇರ್ ಅಲ್ವಾ, ಅದರ ಮೆನು ಇರುವೆ ಸಾಲಿನಂಗೆ ಕಾಣುತ್ತೆ. ಆಮೇಲೆ ಬಂದು ನನ್ನ ಬೈಬೇಡಿ."

ಹಾಕು ಎಂದೆ.

ಹಾಕಿದಳು. ಹಳೆಯ ಗೆಳೆಯ ಗಿರಣಿಯ ಹಾಗೆ ಗುಂಯ್ ಎಂದ. ಪರದೆ ಕಪ್ಪಾಯಿತು, ಮತ್ತೆ ಬೆಳಗಿತು. ದೊಡ್ಡತ್ತೆ ಬಂದರು. ಇಡೀ ಮುಖ, ಕುತ್ತಿಗೆಯ ಕರಿಮಣಿ, ಕುರ್ಚಿಯ ತೋಳು, ಎಲ್ಲವೂ ಒಟ್ಟಿಗೆ. ಹಣೆಯ ಮೇಲೆ ಬೂಷ್ಟು ಇತ್ತು. ಬೂಷ್ಟಿನ ಕೆಳಗೆ ಚರ್ಮದೊಳಗೆ ಇಳಿದ ಹಸಿರು ಬೇರೆಯಾಗಿ ಇತ್ತು. ನನಗೇ ಎರಡೂ ಬೇರೆ ಬೇರೆ ಎಂದು ಕಂಡವು, ಇನ್ನು ಅತ್ತೆಗೆ ಕಾಣದೆ ಇರುತ್ತದೆಯೇ? ಅವರು ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಹೋಗಿ ಬೆರಳು ಇಟ್ಟರು. ಮುಟ್ಟಬೇಡಿ ಅಜ್ಜಿ ಎಂದು ಮೊದಲಿನ ಗಂಡಸು ದೂರದಿಂದ ಹೇಳಿದ. ಅತ್ತೆ ಕೇಳಿಸಿಕೊಳ್ಳಲಿಲ್ಲ.

"ಇದು ಚಂದ್ರ. ಒಳ್ಗಡೆ ಮೂರು ಕಾಳು, ಇಗೋ. ಇದು ಬೂಷ್ಟು, ತೆಗ್ದಾಕು. ಇದು ಹಚ್ಚೆ. ಕಣ್ಣು ಕೊನೆಗೆ ನಾಕು ಚುಕ್ಕೆ. ಇದೊಂದು ಬೂಷ್ಟು." ನಿಂತರು. "ಚುಚ್ಚೋವಾಗ ಇಲ್ಲಿ ಗಾಯ ಆಗಿ ಕೀವು ತುಂಬಿತ್ತು. ಅದ್ಕೇ ಈ ಚುಕ್ಕೆ ವಸಿ ದಪ್ಪ. ಅವ್ವ ಅರಿಶ್ನ ಹಚ್ತಿದ್ಲು."

ನಾನು ಧನುಶ್ರೀ ಕಡೆ ತಿರುಗಿದೆ. ಇದನ್ನೇ ಕೊಡು ಎಂದೆ.

"ಇನ್ನೊಂದ್ಸಲ ಯೋಚ್ನೆ ಮಾಡಿ ಮೇಡಂ," ಎಂದಳು ಧನುಶ್ರೀ. ಒಳ್ಳೆಯ ಹುಡುಗಿ, ತನ್ನ ವ್ಯಾಪಾರಕ್ಕೆ ತಾನೇ ಅಡ್ಡ ನಿಂತಳು. "ಓಡಾಡೋ ಚಿತ್ರ ಎಲ್ಲ ಎಳೆಯುತ್ತೆ."

"ನನ್ನ ಹತ್ರ ಬರೋರು ಯಾರೂ ಓಡಾಡಲ್ಲಮ್ಮ. ಎಲ್ಲ ಓಡಾಡಿ ಮುಗ್ಸಿರೋರೇ."

"ಮೆನು?"

"ಎಲ್ಲೆಲ್ಲಿ ಏನೈತೆ ಅಂತ ನನ್ ಕೈಗೆ ಗೊತ್ತು. ಕಣ್ಣಿಗೆ ಮುಖ ಕಂಡ್ರೆ ಸಾಕು."

ಬೆಲೆ ಎಷ್ಟು ಎಂದು ಬೀರೇಶನಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ಮನೆಗೆ ಆಟೋದಲ್ಲಿ ಬಂದೆವು. ಅತ್ತೆ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪ್ರತಿ ಹಳ್ಳಕ್ಕೂ ಡ್ರೈವರನಿಗೆ ಬೈದರು.

ಆಮೇಲಿನದು ಕೆಲಸ. ಕೆಲಸದ ವಿಷಯ ಬರೆದರೆ ಓದುವವರಿಗೆ ಬೇಜಾರು, ಆದರೆ ನನ್ನ ಬದುಕಿನಲ್ಲಿ ಅಷ್ಟು ಖುಷಿಯಿಂದ ಕೆಲಸ ಮಾಡಿದ ನೆನಪಿಲ್ಲ. ಬೆಳಗಿನ ತಿಂಡಿ ಮುಗಿದ ಮೇಲೆ ಇಬ್ಬರೂ ಪರದೆಯ ಮುಂದೆ ಕೂರುತ್ತಿದ್ದೆವು. ಮೌಸು ಧನುಶ್ರೀ ಹೇಳಿದ ಹಾಗೆಯೇ ಕೆಸರಲ್ಲಿ ಕಾಲಿಟ್ಟಂತೆ ಬರುತ್ತಿತ್ತು. ಮೆನು ನಿಜಕ್ಕೂ ಇರುವೆ ಸಾಲು. ಬರಲಿ, ಇರಲಿ. ಅತ್ತೆ ಬೆರಳು ಇಟ್ಟಲ್ಲಿ ನಾನು ತೆಗೆದೆ, ಬೆರಳು ಬೇಡ ಎಂದಲ್ಲಿ ಬಿಟ್ಟೆ. ಬೂಷ್ಟು ಎಂದು ನಾನು ತೆಗೆದ ಒಂದು ಚುಕ್ಕೆಗೆ ಅವರು ನನ್ನ ಕೈಗೆ ಹೊಡೆದರು. ವಾಪಸು ತಂದೆ. ಬಣ್ಣವನ್ನು ನಾನು ಮುಟ್ಟಲೇ ಇಲ್ಲ. ಪರದೆಯೆಲ್ಲ ಅತ್ತೆಯ ಎಣ್ಣೆಬೆರಳಿನ ಗುರುತಾಗಿತ್ತು, ಸಂಜೆ ಒರೆಸುತ್ತಿದ್ದೆ.

ಮುಗಿದ ದಿನ ಅತ್ತೆ ಹಿಂದಕ್ಕೆ ಸರಿದು ಕುಳಿತರು. ಒಳಗೆ ಹೋಗಿ, ಮುಡಿಯಲು ತಂದಿದ್ದ ಕಾಕಡ ಹೂವಿನ ಒಂದು ತುಂಡು ಹರಿದು ತಂದು ಮಾನಿಟರಿನ ನೆತ್ತಿಗೆ ಸಿಕ್ಕಿಸಿದರು. ವರ್ಷದಿಂದ ಬಾಕಿ ಇದ್ದ ಹೂವು ಅದು.

ರಾಜೇಶನ ಸ್ಟುಡಿಯೊಗೆ ಹೋಗದೆ ಬೇರೆ ಲ್ಯಾಬಿನಲ್ಲಿ ಪ್ರಿಂಟು ಹಾಕಿಸಿ ಕಟ್ಟು ಹಾಕಿಸಿದೆ. ತಿಥಿಯ ದಿನ ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಮೂವರೂ ಕೃಷ್ಣಮೂರ್ತಿಪುರಂಗೆ ಹೋದೆವು. ಊರ ಕಡೆಯ ನೆಂಟರು ಆಗಲೇ ಬಂದು ಜಮಖಾನದ ಮೇಲೆ ಕುಳಿತಿದ್ದರು. ಗೋಡೆಯ ಮೇಲೆ ರಾಜೇಶ್ ಹಿಗ್ಗಿಸಿ ಕೊಟ್ಟ ಬಿಳೀ ಹೆಂಗಸು ಚಿನ್ನದ ಬಣ್ಣದ ಕಟ್ಟಿನಲ್ಲಿ ನಗುತ್ತಿದ್ದಳು. ಅವಳ ಕೆಳಗೆ ದೀಪ ಹಚ್ಚಿ, ಎಡೆಗೆ ಜಾಗ ಸಾರಿಸಿದ್ದರು.

ಅತ್ತೆ ಪಂಚೆ ಬಿಚ್ಚಿ ನಮ್ಮ ಫೋಟೊವನ್ನು ಆ ಜಾಗದಲ್ಲಿ ಗೋಡೆಗೆ ಒರಗಿಸಿ ಇಟ್ಟರು. ಜಮಖಾನದ ಮೇಲಿದ್ದ ಮುದುಕಿಯರು ಮುಂದಕ್ಕೆ ಸರಿದು ನೋಡಿದರು. ಅವರಲ್ಲಿ ಅರ್ಧ ಜನರ ಹಣೆಯಲ್ಲಿ ಅಂಥದೇ ಹಸಿರು ಇತ್ತು.

ಸಿದ್ದರಾಜು ಭಾವ ನನ್ನನ್ನು ನೋಡಿದರು. "ಇದ್ಯಾಕೆ ಸುಚಿತ್ರಾ? ನಮ್ ಮದರ್ ಫೋಟೊ ರೆಡಿ ಐತಲ್ಲ. ಬೇಡ ಅಂತ ರಾಜೇಶಂಗೆ ಹೇಳಿದ್ದೆ."

"ನಂಗೂ ಹೇಳಿದ್ರು ಭಾವ. ನಾನು ಕೇಳ್ನಿಲ್ಲ," ಎಂದೆ.

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಅತ್ತೆಯ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿದರು. "ನಿಂಗೊತ್ತಿಲ್ಲ ಚಿಕ್ಕವ್ವ. ನಾನು ಸ್ಕೂಲಲ್ಲಿದ್ದಾಗ ಮದರ್ ಒಂದ್ಸಲ ಬಂದಿದ್ರು. ಹಣೆ ಮೇಲೆ ಇಂಕು ಚೆಲ್ಕೊಂಡವ್ರೆ ಅಂತ ಹುಡುಗ್ರೆಲ್ಲ ನಕ್ಕುಬುಟ್ರು. ಆಮೇಲೆ ಬರಲೇ ಇಲ್ಲ ಅವ್ರು. ಈ ಬೀದೀಲಿ ನಾಕ್ ಜನ ದೊಡ್ಡೋರು ಬಂದೋಯ್ತಾರೆ. ಸತ್ಮೇಲೂ ಯಾರೂ ನಗಬಾರ್ದು ಅಂತ ತಾನೆ ನಾನು ಇದ್ನ ಮಾಡ್ಸಿದ್ದು."

ನನ್ನ ಸಿಟ್ಟೆಲ್ಲ ಒಂದು ಗಳಿಗೆ ಎಲ್ಲಿಗೋ ಹೋಯಿತು. ಅವರಿಗೆ ಐವತ್ತು ದಾಟಿದೆ, ಆ ನಗು ಇನ್ನೂ ಕಿವಿಯಲ್ಲಿದೆ. ಅತ್ತೆಗೆ ಮಾತ್ರ ಸಿಟ್ಟು ಇಳಿಯಲಿಲ್ಲ.

"ನಕ್ಕೋರ ಹಲ್ಲು ಅಳಿಸ್ಬೇಕಾಗಿತ್ತು ಕಣಪ್ಪ. ನೀನು ನಿಮ್ಮವ್ವನ ಹಣೆ ಅಳಿಸ್ಬುಟ್ಟೆ."

ಸಿದ್ದರಾಜು ಭಾವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಎಡೆಯ ಎಲೆ ಹಿಡಿದು ನಿಂತುಬಿಟ್ಟಿದ್ದರು. ಮುದ್ದೆ, ಉಪ್ಸಾರು, ಖಾರ, ಹುರಿದ ಮಾಂಸ, ಎಲೆಯಡಿಕೆ. ದೊಡ್ಡತ್ತೆಗೆ ಏನೇನು ಇಷ್ಟವೋ ಎಲ್ಲವೂ ಇತ್ತು.

"ಸರಿ ಬುಡು ಚಿಕ್ಕವ್ವ," ಎಂದರು ಭಾವ. "ಎರಡೂ ಇರ್ಲಿ. ಗೋಡೆ ಮೇಲೆ ಅದಿರ್ಲಿ, ಕೆಳಗೆ ಇದಿರ್ಲಿ. ಎಡೆ ಎರಡಕ್ಕೂ ಆಯ್ತದೆ."

"ನಂಗೆ ಇಬ್ರು ಅಕ್ದೀರು ಇರ್ನಿಲ್ಲ," ಎಂದರು ಅತ್ತೆ. ನನ್ನ ಕಡೆ ತಿರುಗಿದರು. "ಸುಚಿತ್ರಾ, ಅದ್ನ ಇಳಿಸು."

ಬೀರೇಶ್ ನನ್ನ ಸೆರಗು ಹಿಡಿದ. ಬಿಡಿಸಿಕೊಂಡೆ. ನನ್ನದಲ್ಲದ ಮನೆಯಲ್ಲಿ ನನ್ನದಲ್ಲದ ಕುರ್ಚಿ ಹತ್ತಿ, ಆ ಚಿನ್ನದ ಕಟ್ಟನ್ನು ಮೊಳೆಯಿಂದ ತೆಗೆದು ಅತ್ತೆಯ ಕೈಗೆ ಕೊಟ್ಟೆ. ಅತ್ತೆ ಅದನ್ನು ಒಯ್ದು ಸಿದ್ದರಾಜು ಭಾವನ ಕೈಯಲ್ಲಿ ಇಟ್ಟರು.

"ಈ ಯಮ್ಮನ ಮಕ್ಳು ಎಲ್ಲವ್ರೋ ಹುಡುಕಿ ಕೊಟ್ಬುಡು. ಪಾಪ, ಅವ್ರೂ ಎಡೆ ಇಡ್ಬೇಕಲ್ವಾ."

ಭಾವ ಫೋಟೊವನ್ನು ಹಿಡಿದುಕೊಂಡು ನಿಂತರು. ಅದನ್ನು ನೋಡಿದರು, ಕೆಳಗಿದ್ದುದನ್ನು ನೋಡಿದರು. ಕೆಳಗಿದ್ದ ದೊಡ್ಡತ್ತೆ ಯಾರ ಮುಲಾಜೂ ಇಲ್ಲದೆ ಅವರನ್ನೇ ಗದರುತ್ತಿದ್ದರು. ಭಾವನ ಮುಖ ಬದಲಾದದ್ದನ್ನು ನಾನು ನೋಡಿದೆ, ಆದರೆ ಆಗ ಏನಾಯಿತು ಎಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಕಟ್ಟನ್ನು ಬಾಗಿಲ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟರು. ಹೆಂಡತಿಯ ಕೈಯಿಂದ ಎಲೆ ತೆಗೆದುಕೊಂಡರು. ಮಂಡಿಯೂರಿ ಕುಳಿತು ಹಚ್ಚೆಯ ಹಣೆಯ ಮುಂದೆ ಎಡೆ ಇಟ್ಟು, ನೀರು ಸುತ್ತಿದರು.

"ಉಣ್ಣವ್ವ," ಎಂದರು. ನಮಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

"ಜೋರಾಗಿ ಕರಿ ಕಣ್ಲಾ," ಎಂದರು ಅತ್ತೆ. "ನಿಮ್ಮವ್ವಂಗೆ ಕಿವಿ ಮಂದ."

ಸಿದ್ದರಾಜು ಭಾವ ಇನ್ನೊಂದು ಸಲ ಕರೆದರು, ಇಡೀ ಬೀದಿಗೆ ಕೇಳುವ ಹಾಗೆ.